ಹೂಂ ಅನ್ನದ ಡಬ್ಬಿ

ಆಲಿಕೆ ಕಂಪನಿಯ ಕಚೇರಿಗೆ ಹೊರಗಿನವರು ಬರುವ ಪದ್ಧತಿ ಇರಲಿಲ್ಲ. ಹೇಳಿಕೊಳ್ಳುವುದಿದ್ದವರು ಫೋನ್ ಮಾಡುತ್ತಿದ್ದರು, ಹೇಳಿಕೊಂಡು ಇಡುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಹಾಗಾಗಿ ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಲಿಫ್ಟನ್ನು ನಂಬದೆ ಮೂರು ಮಹಡಿ ಹತ್ತಿ ಬಂದ ಹೆಂಗಸೊಬ್ಬಳು ಗಾಜಿನ ಬಾಗಿಲು ತಳ್ಳಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, "ಆ ಕೇಳೂ ಬಾಯಾರು ಇಲ್ಲೇ ಇರ್ತಾರೇನ್ರಿ?" ಎಂದಾಗ ಕಂಟ್ರೋಲ್ ರೂಮಿನಲ್ಲಿದ್ದ ಹನ್ನೆರಡು ಜನರೂ ಒಬ್ಬರ ಮುಖ ಒಬ್ಬರು ನೋಡಿದರು.

ಬಾಗಿಲ ಪಕ್ಕದ ಮೇಜು ದಾಕ್ಷಾಯಿಣಿ ಬಡಿಗೇರಳದು. ಅವಳು ಏಳಲೇಬೇಕಾಯಿತು.

"ಯಾವ ಬಾಯಾರ್ರೀ?"

"ಅದ ಯವ್ವಾ, ಫೋನಿನ್ಯಾಗ ಹೂಂ ಹೂಂ ಅಂತಾರಲ್ಲ, ಅವರು. ಸ್ವಲ್ಪ ಹೊರಗ ಕರೀರಿ. ಒಂದು ಮಾತು ಕೇಳಿ ಹೊಕ್ಕೀನಿ."

"ಅವರು ಇಲ್ಲಿರೂದಿಲ್ರಿ."

"ಮತ್ತೆಲ್ಲಿರ್ತಾರ? ಅಡ್ರೆಸ್ ಕೊಡ್ರಿ, ಅಲ್ಲೇ ಹೊಕ್ಕೀನಿ. ನನಗೇನು ಕಾಲಿಲ್ಲೇನು?"

ದಾಕ್ಷಿಗೆ ನಗು ಬಂತು. ಆ ಗಳಿಗೆಯಲ್ಲಿ ಆ ಬಾಯಾರು ಎರಡು ಸಾವಿರದ ಮುನ್ನೂರು ಕಡೆ ಇದ್ದರು. ಎದುರಿನ ಗೋಡೆಯ ಪರದೆ ಆ ಸಂಖ್ಯೆಯನ್ನು ಹಸಿರು ಬಣ್ಣದಲ್ಲಿ ತೋರಿಸುತ್ತಲೇ ಇತ್ತು. ಅಡ್ರೆಸ್ ಕೊಡುವುದಾದರೆ ಅಷ್ಟನ್ನೂ ಕೊಡಬೇಕಿತ್ತು. ಹಾಗೆ ತಾನು ನಕ್ಕಿದ್ದು ಅವಳಿಗೆ ಆಮೇಲೆ ಬಹಳ ದಿನ ನೆನಪಿನಲ್ಲಿ ಉಳಿಯಿತು.

ಬಂದವಳ ಹೆಸರು ಸಾವಕ್ಕ. ಗಂಡ ಫಕೀರಪ್ಪ, ಗುತ್ತಿಗೆದಾರನ ಕೈಕೆಳಗೆ ಕರೆಂಟಿನ ಲೈನ್‌ಮನ್. ಸಾವಕ್ಕನ ತಮ್ಮ ಮೈಲಾರಿಯೂ ಅದೇ ಗ್ಯಾಂಗಿನಲ್ಲಿದ್ದ. ಹೋದ ವರ್ಷ ಕಂಬದ ಮೇಲಿದ್ದಾಗ ಕರೆಂಟು ಹೊಡೆದು ಸತ್ತ. ಲೈನ್ ಬಂದ್ ಇತ್ತು, ಯಾರದೋ ಜನರೇಟರಿನ ಕರೆಂಟು ತಿರುಗಿ ಬಂತು ಎಂದು ವಿಚಾರಣೆಯಲ್ಲಿ ಬರೆದರು. ಅದಾದ ಮೇಲೆ ಒಂದಷ್ಟು ದಿನ ಫಕೀರಪ್ಪ ಮಧ್ಯಾಹ್ನವಾದರೆ ಮಾಳಿಗೆಗೆ ಹೋಗಿ ಆಲಿಕೆಗೆ ಫೋನ್ ಹಚ್ಚುತ್ತಿದ್ದ.

"ನನಗ ಖುಷಿನ ಆಗಿತ್ತು ನೋಡ್ರಿ. ಯಾರ ಮುಂದರ ಹೇಳ್ಕೊಳ್ಲಿ, ಎದಿ ಹಗುರಾಗಲಿ ಅಂತ. ಒಂದಿನ ಫೋನ್ ತಗೊಂಡು ನೀರಿನ ಟಾಕಿಯಾಗ ಒಗದು ಕೆಳಗ ಬಂದ್ರು. 'ಆ ಬಾಯಾರಿಗೂ ಕೇಳಿಸ್ಕೊಳ್ಳಾಕ ಆಗಲಿಲ್ಲ ಬಿಡು' ಅಂದ್ರು. ಅದ ಕಡೀ ಮಾತು. ಐದು ತಿಂಗಳಾತು, ತುಟಿ ಬಿಚ್ಚಿಲ್ಲ. ಡಾಕ್ಟರು ಗಂಟಲದಾಗ ಏನೂ ಇಲ್ಲ ಅಂತಾರ. ನಿಮ್ಮ ಬಾಯಾರು ಅವರಿಗೆ ಏನಂದ್ರು, ಅಷ್ಟು ಹೇಳ್ರಿ ಸಾಕು."

ದಾಕ್ಷಿ ನಂಬರು, ವಿಳಾಸ ಬರೆದುಕೊಂಡಳು. ನೋಡುತ್ತೇನೆ ಎಂದಳು. ಸಾವಕ್ಕ ಎರಡು ಮೆಟ್ಟಿಲು ಇಳಿದವಳು ತಿರುಗಿ, "ಬೈಯಾಕ ಬಂದಿಲ್ಲ ಯವ್ವಾ," ಎಂದು ಹೇಳಿ ಹೋದಳು.

*

ಲೀಲಾಬಾಯಿ ಪಿಸೆ ಹಳೇ ಹುಬ್ಬಳ್ಳಿಯಲ್ಲಿ ಬ್ಲೌಸ್ ಹೊಲಿಯುವವರು. ಹೊಲಿಗೆ ಅಷ್ಟಕ್ಕಷ್ಟೆ, ಅವರೇ ಒಪ್ಪುತ್ತಾರೆ. ಆದರೂ ಅಳತೆ ಕೊಡಲು ಬಂದ ಹೆಂಗಸರು ತಾಸುಗಟ್ಟಲೆ ಕೂತು ಹೋಗುತ್ತಿದ್ದರು. ಬರುತ್ತಿದ್ದದ್ದು ಅವರ ಕಿವಿಗಾಗಿ. ಮಾತಾಡುವ ಯಂತ್ರಗಳಿಂದ ಜನ ಬೇಸತ್ತ ಕಾಲ ಅದು. ಗಡಿಯಾರದಿಂದ ಹಿಡಿದು ಗ್ಯಾಸಿನ ಒಲೆಯವರೆಗೆ ಎಲ್ಲವೂ ಉತ್ತರ ಕೊಡುತ್ತಿದ್ದವು, ಸಲಹೆ ಕೊಡುತ್ತಿದ್ದವು, ಕೇಳದಿದ್ದರೂ ಸಮಾಧಾನ ಹೇಳುತ್ತಿದ್ದವು. ಮಾತಾಡುವುದನ್ನು ಬಿಟ್ಟು ಕೇಳುವುದನ್ನೇ ಯಂತ್ರಕ್ಕೆ ಕಲಿಸಿದರೆ? ಆಲಿಕೆ ಹುಟ್ಟಿದ್ದು ಈ ಒಂದು ಪ್ರಶ್ನೆಯಿಂದ. ಬಂದವರ ಒಪ್ಪಿಗೆ ಪಡೆದು ಕಂಪನಿಯವರು ಎಂಟು ತಿಂಗಳು ಲೀಲಾಬಾಯಿ ಕೇಳುವ ಬಗೆಯನ್ನು ದಾಖಲಿಸಿದರು. ಎಲ್ಲಿ ಹೂಂ, ಎಲ್ಲಿ ಬರಿಯ ಉಸಿರು, ಎಲ್ಲಿ 'ಅಯ್ಯ ದೇವರೇ', ಎಲ್ಲಿ ಏನೂ ಇಲ್ಲ. ಅದರಿಂದ ಒಂದು ಅಚ್ಚು ತಯಾರಾಯಿತು.

ಅಚ್ಚು ಒಂದೇ. ಫೋನ್ ಬಂದಾಗಲೆಲ್ಲ ಅದರಿಂದ ಹೊಸದೊಂದು ಕಂಟೇನರ್ ತೆಗೆಯುತ್ತಾರೆ. ಕಂಟ್ರೋಲ್ ರೂಮಿನವರ ಬಾಯಲ್ಲಿ ಅದು ಡಬ್ಬಿ. ಹೆಸರು ತಮಾಷೆಗೆ ಬಂದದ್ದಾದರೂ ಸರಿಯಾಗಿತ್ತು. ಮನೆಯಿಂದ ಕಟ್ಟಿದ ಡಬ್ಬಿಯಲ್ಲಿ ರೊಟ್ಟಿ, ಪಲ್ಯ, ಉಪ್ಪಿನಕಾಯಿ ಎಲ್ಲ ಇರುವುದರಿಂದ ಶಾಲೆಯಲ್ಲಿ ಬಿಚ್ಚಿದರೂ ಹೊಲದಲ್ಲಿ ಬಿಚ್ಚಿದರೂ ಅದೇ ಊಟ. ಹಾಗೆಯೇ ಇದರಲ್ಲಿ ಲೀಲಾಬಾಯಿಯ ಕಿವಿ, ದನಿ, ರೂಢಿ, ಅವು ನಡೆಯಲು ಬೇಕಾದ ಸಣ್ಣಪುಟ್ಟ ಸಾಮಾನು ಎಲ್ಲ ತುಂಬಿರುತ್ತಿತ್ತು. ಯಾವ ಊರಿನ ಯಾವ ಯಂತ್ರದಲ್ಲಿ ಬಿಚ್ಚಿದರೂ ಅದೇ ಬಾಯಾರು. ಜನ ಕ್ಲೌಡ್ ಎನ್ನುವುದು ಇದಕ್ಕೇ. ಮೋಡವೂ ಇಲ್ಲ, ಆಕಾಶವೂ ಇಲ್ಲ, ಗದಗಿನ ಗಾಳಿಯಂತ್ರಗಳ ಬುಡದಲ್ಲಿ ಉದ್ದನೆಯ ಶೆಡ್ಡುಗಳಲ್ಲಿ ಸಾಲಾಗಿ ನಿಂತ ಬೇರೆಯವರ ಯಂತ್ರಗಳು.

ಆದರೆ ಡಬ್ಬಿ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಎಷ್ಟು ಬೇಕು, ಎಲ್ಲಿ ಬೇಕು, ಯಾವುದು ಕೆಟ್ಟಿದೆ, ಯಾವುದನ್ನು ಎಸೆದು ಹೊಸದಿಡಬೇಕು ಎಂದು ನೋಡಲು ಮೇಲೊಬ್ಬ ಬೇಕು. ಆ ಕೆಲಸ ಪ್ಲಾಟ್‌ಫಾರ್ಮ್ ಎಂಬ ಇನ್ನೊಂದು ತಂತ್ರಾಂಶದ್ದು. ಅದಕ್ಕೂ ಅವರು ಹೆಸರಿಟ್ಟಿದ್ದರು, ಮುಕಾದಮ ಎಂದು. ಕೂಲಿಗಳ ಹಾಜರಿ ಹಿಡಿಯುವ ಮುಕಾದಮನ ಹಾಗೆಯೇ ಅದಕ್ಕೆ ಯಾವ ಡಬ್ಬಿಯ ಮೇಲೂ ಮಮತೆ ಇರಲಿಲ್ಲ. ಒಂದು ಬಿದ್ದರೆ ಇನ್ನೊಂದು. ಫೋನ್ ಮುಗಿದರೆ ಡಬ್ಬಿ ನಾಶ, ಒಳಗಿನ ಮಾತೂ ನಾಶ. 'ಹೇಳಿದ್ದು ಡಬ್ಬಿಯ ಜೊತೆಗೇ ಹೋಗುತ್ತದೆ' ಎಂಬುದು ಕಂಪನಿ ಜನರಿಗೆ ಕೊಟ್ಟ ಭಾಷೆ. ಜನ ನಂಬಿ ಹೇಳಿಕೊಳ್ಳುತ್ತಿದ್ದದ್ದೂ ಅದಕ್ಕೇ.

ಮೊದಮೊದಲು ಮುಕಾದಮ ಪ್ರತಿ ಡಬ್ಬಿಗೂ ಆಗಾಗ 'ಇದ್ದೀಯಾ?' ಎಂದು ಸಂಕೇತ ಕಳಿಸುತ್ತಿತ್ತು. 'ಇದ್ದೇನೆ' ಎಂದರೆ ಸರಿ. ತೊಂದರೆ ಏನೆಂದರೆ, ಒಳಗೆ ಕಿವಿ ಕೆಟ್ಟು ಕೂತ ಡಬ್ಬಿಗಳೂ 'ಇದ್ದೇನೆ' ಎನ್ನುತ್ತಿದ್ದವು. ಗೋಡೆಗೆ ಮಾತಾಡಿದ ಹಾಗಾಯಿತು ಎಂದು ದೂರುಗಳು ಬಂದವು. ಆಗ ಪರಿಹಾರ ಹುಡುಕಿದವಳು ದಾಕ್ಷಿ.

ಅವಳ ಅಜ್ಜಿ ಕತೆ ಹೇಳುವಾಗ ಹೂಂಗುಟ್ಟಬೇಕಿತ್ತು. ಹೂಂ ನಿಂತರೆ ಮೊಮ್ಮಗಳು ಮಲಗಿದಳೆಂದು ಲೆಕ್ಕ, ಕತೆ ಅಲ್ಲಿಗೇ ಬಂದ್. ಇಷ್ಟು ಸರಳವಾದದ್ದು ಯಾರಿಗೂ ಹೊಳೆಯಲಿಲ್ಲವಲ್ಲ! ನಿಜವಾಗಿ ಕೇಳುತ್ತಿರುವವರು ಹೂಂ ಅನ್ನುತ್ತಾರೆ. ಹಾಗಾದರೆ ಜೀವ ಇದೆಯೋ ಇಲ್ಲವೋ ನೋಡಲು ಬೇರೆ ಸಂಕೇತ ಯಾಕೆ? ಮಾತು ನಿಂತು ನಲವತ್ತು ಸೆಕೆಂಡಾದರೂ ಡಬ್ಬಿಯಿಂದ ಹೂಂ ಆಗಲಿ, ಒಂದು ಉಸಿರಾಗಲಿ ಬರದಿದ್ದರೆ ಅದು ಸತ್ತಿದೆ. ಎಸೆ, ಹೊಸದಿಡು. ಒಂದೇ ಸಾಲಿನ ನಿಯಮ. ಅವತ್ತು ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೋ ಮಿರ್ಚಿ ಗಿರ್ಮಿಟ್ ತರಿಸಿದರು. ಗೋಡೆಗೆ ಮಾತಾಡಿದ ದೂರು ನಿಂತೇ ಹೋಯಿತು.

*

ಸಾವಕ್ಕ ಹೋದ ಮೇಲೆ ದಾಕ್ಷಿ ಲಾಗ್ ತೆರೆದಳು. ಅದರಲ್ಲಿ ಮಾತಿರುವುದಿಲ್ಲ, ವೇಳೆ ಮಾತ್ರ ಇರುತ್ತದೆ: ಕರೆ ಶುರುವಾದದ್ದು, ಡಬ್ಬಿ ಬದಲಾದದ್ದು, ಕರೆ ಮುಗಿದದ್ದು. ಫಕೀರಪ್ಪನ ನಂಬರಿನಿಂದ ಒಂಬತ್ತು ಕರೆ.

ಮೊದಲನೆಯದು ಮೂವತ್ತೊಂದು ನಿಮಿಷ. ಇಪ್ಪತ್ತೊಂಬತ್ತನೆಯ ನಿಮಿಷದಲ್ಲಿ ಡಬ್ಬಿ ಬದಲಾಗಿತ್ತು. ಕಾರಣ: ಹೂಂ ಇಲ್ಲ. ಎರಡನೆಯದು ಇಪ್ಪತ್ತೆರಡು ನಿಮಿಷ, ಮತ್ತೆ ಕೊನೆಯಲ್ಲಿ ಬದಲು. ಮೂರನೆಯದು ಹದಿನಾರು. ಆರನೆಯದು ಐದು. ಎಂಟನೆಯದು ಎರಡು. ಒಂಬತ್ತನೆಯದು ಒಂದು ನಿಮಿಷವೂ ಇರಲಿಲ್ಲ. ಎಂಟು ಸೆಕೆಂಡು ಮಾತು, ನಲವತ್ತು ಸೆಕೆಂಡು ಮೌನ, ಡಬ್ಬಿ ಬದಲು, ಕರೆ ಕಟ್.

ಅವಳು ಅದನ್ನೇ ನೋಡುತ್ತ ಕೂತಳು. ಮಾತಿಲ್ಲದಿದ್ದರೂ ಆ ಅಂಕಿಗಳು ಎಲ್ಲವನ್ನೂ ಹೇಳುತ್ತಿದ್ದವು. ಒಬ್ಬ ಮನುಷ್ಯ ಒಂದು ವಾಕ್ಯ ಹೇಳಲು ಇಪ್ಪತ್ತೊಂಬತ್ತು ನಿಮಿಷ ಸುತ್ತಾಡಿ ಬಂದಿದ್ದ. ಹೇಳಿದ. ಆ ಕಡೆ ಮೌನ. ಆಮೇಲೆ ಅದೇ ದನಿ, ಏನೂ ಆಗದವರ ಹಾಗೆ, "ನಮಸ್ಕಾರ್ರೀ, ಕುಂದರ್ರಿ, ಏನು ಸಮಾಚಾರ?" ಎಂದಿತು. ಅವನು ಮರುದಿನ ಮತ್ತೆ ಬಂದ. ಸುತ್ತಾಟ ಕಡಿಮೆ ಮಾಡಿದ. ಮತ್ತೆ ಅದೇ ಜಾಗ, ಅದೇ ಮೌನ, ಅದೇ ನಮಸ್ಕಾರ. ಕೊನೆಗೆ ಫೋನೆತ್ತಿದ ಕೂಡಲೇ ಆ ವಾಕ್ಯವೊಂದನ್ನೇ ಹೇಳಿದ.

ಆಮೇಲೆ ಅವಳು ಒಬ್ಬ ಫಕೀರಪ್ಪನನ್ನು ಬಿಟ್ಟು ಎಲ್ಲರದನ್ನೂ ತೆಗೆದಳು. ಹದಿನಾಲ್ಕು ತಿಂಗಳಲ್ಲಿ ಹೂಂ ಇಲ್ಲವೆಂದು ಮುಕಾದಮ ಎಸೆದ ಡಬ್ಬಿಗಳು ನಲವತ್ತೊಂದು ಸಾವಿರದ ಮೇಲೆ. ಅವುಗಳಲ್ಲಿ ನಿಜವಾಗಿ ಕೆಟ್ಟಿದ್ದವು ಆರುನೂರು ಚಿಲ್ಲರೆ. ಉಳಿದವು? ಡಬ್ಬಿ ಒಳಗೊಳಗೆ ಎಷ್ಟು ದುಡಿಯುತ್ತಿದೆಯೆಂದು ಮುಕಾದಮ ಬೇರೆಯಾಗಿ ಬರೆದಿಡುವ ಗೆರೆ ಆ ನಲವತ್ತು ಸೆಕೆಂಡುಗಳಲ್ಲಿ ಕೆಳಗಿಳಿದಿರಲೇ ಇಲ್ಲ. ಇಡೀ ಕರೆಯಲ್ಲೇ ಅತಿ ಎತ್ತರಕ್ಕೆ ಹೋಗಿತ್ತು. ಎಸೆಯುವ ಕ್ಷಣದಲ್ಲಿ ಅವು ಅತ್ಯಂತ ಗಾಢವಾಗಿ ಕೇಳುತ್ತಿದ್ದವು.

ದಾಕ್ಷಿ ಎದ್ದು ಹೋಗಿ ಮುಖ ತೊಳೆದುಕೊಂಡಳು. ಕನ್ನಡಿಯಲ್ಲಿ ನೋಡಿಕೊಳ್ಳಲಿಲ್ಲ.

*

ಮೇಲಧಿಕಾರಿ ಹಂಚಿನಾಳ ಕೆಟ್ಟ ಮನುಷ್ಯನಲ್ಲ. ಅವಳು ತೋರಿಸಿದ್ದನ್ನೆಲ್ಲ ಎರಡು ಸಲ ನೋಡಿದ, ಚಹ ತರಿಸಿದ, ಬಾಗಿಲು ಮುಂದೆ ಮಾಡಿದ.

"ಭಾರಿ ಕೆಲಸ ಮಾಡಿದಿ ದಾಕ್ಷಾಯಿಣಿ. ಇದನ್ನ ಹೊರಗಿನವರು ಹಿಡದಿದ್ರ ನಮ್ಮ ಬಾಗಿಲು ಮುಚ್ತಿತ್ತು. ಈಗ ಹಿಂಗ ಮಾಡೂಣು. ಅಚ್ಚಿನ ದೋಷ ಅಂತ ಬರಿ."

"ಅಚ್ಚಿಂದು?"

"ಹೂಂ ಮತ್ತ. ಕೇಳಾಕಂತ ಇಟ್ಟ ಬಾಯಿ ನಟ್ಟ ನಡುವ ಬಾಯಿ ಮುಚ್ಚಿದ್ರ ದೋಷ ಯಾರದು? ಹೊಸ ಅಚ್ಚು ತೆಗಿಯೂಣು. ಇಪ್ಪತ್ತು ಸೆಕೆಂಡಿಗೊಮ್ಮೆ ತಾನ ಹೂಂ ಅನ್ನಬೇಕು, ಬೇಕಿರಲಿ ಬ್ಯಾಡಾಗಿರಲಿ."

"ಸರ್, ಆ ನಲವತ್ತರ ನಿಯಮ..."

"ಯಾರದು ಅಂತ ನನಗ ಗೊತ್ತೈತಿ." ಹಂಚಿನಾಳ ದನಿ ಇಳಿಸಿದ. "ಅದನ್ನ ಯಾಕ ಎತ್ತತಿ? ನಿನ್ನ ಹೆಸರು ಬಂದ್ರ ನಿನ್ನ ಜೀವನಾನ ಕೆಡ್ತದ. ಲೀಲಾಬಾಯಿಗೇನು? ಎಪ್ಪತ್ತು ದಾಟ್ಯಾರ. ಒಂದು ಶಾಲು ಹೊದಿಸಿ ಕೈ ಮುಗದು ಕಳಿಸಿದ್ರಾತು. ನೀನ ಹೋಗಿ ಹೇಳಿ ಬಾ. ಹೆಣಮಕ್ಕಳು ಹೇಳಿದ್ರ ಚಂದ."

ಅವಳು ಆಗ ಮಾತಾಡಬೇಕಿತ್ತು. ಬಾಯಿ ತೆರೆದಳು ಕೂಡ. ಚಹ ಇತ್ತು, ಕುಡಿದಳು.

ಸಂಜೆ ಮನೆಯಲ್ಲಿ ಗಂಡ ವಿರೂಪಾಕ್ಷ ಸೋಫಾದ ಮೇಲೆ ಕಾಲು ಚಾಚಿ ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದ. ದಾಕ್ಷಿ ಪಕ್ಕದಲ್ಲಿ ಕೂತು, ಅವರೆಕಾಯಿ ಬಿಡಿಸುತ್ತ, ಎಲ್ಲ ಹೇಳಿದಳು. ಅವನು ಹೂಂ ಅಂದ. ಒಂಬತ್ತು ಕರೆಗಳ ಬಗ್ಗೆ ಹೇಳಿದಳು. ಹೂಂ. ಹಂಚಿನಾಳ ಅಂದದ್ದನ್ನು ಹೇಳಿದಳು. ಹೂಂ, ಹೂಂ. ಎಲ್ಲಿಯೂ ಹತ್ತು ಸೆಕೆಂಡಿಗಿಂತ ತಡವಾಗಲಿಲ್ಲ.

"ರೀ, ನಾ ಏನು ಹೇಳಿದೆ?"

"ಅದ... ಆಫೀಸಿನ್ಯಾಗ ಏನೋ ಡಬ್ಬಿ ಕಳದೈತಿ ಅಂದಿ. ಸ್ಟೀಲಿಂದೇನು? ಹೋಗ್ಲಿ ಬಿಡು, ಹೊಸಾದು ತಂದ್ರಾತು."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮುಕಾದಮನ ಲೆಕ್ಕದಲ್ಲಿ ವಿರೂಪಾಕ್ಷನಂಥ ಡಬ್ಬಿ ನೂರು ವರ್ಷ ಬಾಳುತ್ತಿತ್ತು. ಇಡೀ ವ್ಯವಸ್ಥೆಯಲ್ಲಿ ಅವಳು ಕಾಪಾಡಿದ್ದು ಇಂಥ ಹೂಂಗಳನ್ನು.

*

ಮರುದಿನ ಬೆಳಿಗ್ಗೆ ಲೀಲಾಬಾಯಿ ಬಾಗಿಲಿಗೆ ಎದುರಾಗಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಕಾಲು ತುಳಿಯುವ ಹಳೆಯ ಯಂತ್ರ. ದಾಕ್ಷಿಯನ್ನು ಕಂಡು ಕನ್ನಡಕದ ಮೇಲಿಂದ ನೋಡಿ, "ಬಾ ಯವ್ವಾ, ಕುಂದ್ರು. ಬ್ಲೌಸ್ ಹೊಲಸಾಕ ಬಂದಿದ್ರ ಮುಂದಿನ ಓಣಿಗೆ ಹೋಗು, ಅವರು ಚಲೋ ಹೊಲೀತಾರ," ಎಂದರು.

ದಾಕ್ಷಿ ಬಂದ ಕೆಲಸ ಹೇಳಿದಳು. ಅಚ್ಚಿನಲ್ಲಿ ಸ್ವಲ್ಪ ದೋಷ ಕಂಡುಬಂದಿದೆ, ಬದಲಾಯಿಸುತ್ತಾರೆ, ನಿಮ್ಮಿಂದ ಇಷ್ಟು ದಿನ ಬಹಳ ಉಪಕಾರವಾಯಿತು. ಯಂತ್ರ ಟಕಟಕ ನಡೆದೇ ಇತ್ತು.

"ಹೂಂ. ಏನು ದೋಷ?"

"ನೀವು ನಡುನಡುವ ಸುಮ್ಮನಾಗ್ತೀರಿ. ಭಾಳ ಹೊತ್ತು. ಜನರಿಗೆ, ಕೇಳಾಕತ್ತಿಲ್ಲ ಅನಸ್ತೈತಿ."

"ಇರಬೇಕವಾ. ನನ್ನ ಚಾಳಿ ಅದು, ತಪ್ಪು ನಂದ ಇರಬೇಕು," ಎಂದರು ಲೀಲಾಬಾಯಿ. ಎಷ್ಟು ಸಲೀಸಾಗಿ ಒಪ್ಪಿಕೊಂಡರೆಂದರೆ ದಾಕ್ಷಿ ತಲೆ ತಗ್ಗಿಸಿದಳು. "ಆದ್ರ ಒಂದು ಹೇಳ್ತೀನಿ ಕೇಳು. ಸೊಸಿ ಹಾಲು ಉಕ್ಕಿಸಿದ್ಲು ಅಂದ್ರ ಹೂಂ ಅಂತೀನಿ. ಮಾವ ಬೈದಾ ಅಂದ್ರ ಹೂಂ ಅಂತೀನಿ. ಒಬ್ಬಾಕಿ ಬಂದು, ಕೂಸಿಗೆ ಉಸಿರು ಕಟ್ಟಿದಾಗ ನಾ ನಿದ್ದಿ ಹತ್ತಿ ಬಿದ್ದಿದ್ದೆ ಅಂದ್ಲು. ಅದಕ್ಕ ಹೂಂ ಅಂತಾರೇನು? ಹೂಂ ಅಂದ್ರ, ಆತು ತಿಳೀತು ಮುಂದ ಹೋಗು ಅಂದಂಗ. ಅಂಥಾ ಮಾತಿನ ಮುಂದ ಹೋಗಬಾರದು. ಅಲ್ಲೇ ಅಕಿ ಜೋಡಿ ಕುಂದ್ರಬೇಕು. ಅಕಿಗೆ ಬೇಕಾದಷ್ಟು ಹೊತ್ತು."

"ಎಷ್ಟು ಹೊತ್ತು?"

"ಗಡಿಯಾರ ನೋಡಿಲ್ಲವಾ."

ಅವರು ದಾರ ಕಚ್ಚಿ ಕಡಿದರು. ಆಮೇಲೆ ಸಹಜವಾಗಿ, "ಸುಮ್ಮನಾದ್ರ ಆ ಯಂತ್ರ ಏನು ಮಾಡ್ತಿತ್ತು ನನ್ನ?" ಎಂದು ಕೇಳಿದರು.

"ತೆಗದು ಒಗೀತಿತ್ತು. ನಿಮ್ಮ ಜಾಗಾಕ್ಕ ಹೊಸಬರನ್ನ ಕುಂದ್ರಸ್ತಿತ್ತು. ಅವರಿಗೆ ಹಿಂದಿಂದು ಏನೂ ಗೊತ್ತಿರತಿರಲಿಲ್ಲ. ನಮಸ್ಕಾರ್ರೀ, ಕುಂದರ್ರಿ ಅಂತಿದ್ರು."

ಯಂತ್ರ ನಿಂತಿತು. ಲೀಲಾಬಾಯಿಯ ಕೈ ಬಟ್ಟೆಯ ಮೇಲೆ ಹಾಗೇ ಇತ್ತು. ಓಣಿಯಲ್ಲಿ ಯಾರೋ ಸೈಕಲ್ ಮೇಲೆ ಕೊತ್ತಂಬರಿ ಕೂಗಿಕೊಂಡು ಹೋದ. ಅವರು ಏನನ್ನೂ ಅನ್ನಲಿಲ್ಲ, ದಾಕ್ಷಿಯ ಮುಖವನ್ನೂ ನೋಡಲಿಲ್ಲ. ಕೂತರು, ಅಷ್ಟೆ. ದಾಕ್ಷಿ ಚಾಳಿ ಬಿದ್ದವಳ ಹಾಗೆ ಒಳಗೇ ಸೆಕೆಂಡು ಎಣಿಸತೊಡಗಿ, ಎಲ್ಲೋ ಲೆಕ್ಕ ತಪ್ಪಿದಳು.

"ನಾನ ಮಾಡಿದ್ದು," ಎಂದಳು. "ಆ ನಿಯಮ ನಂದು."

ಲೀಲಾಬಾಯಿ ಬಟ್ಟೆ ಮಡಿಸಿಟ್ಟು ಅಂದರು: "ನನಗ ಹೇಳಿ ಹಗುರಾಗಬ್ಯಾಡ. ನನ್ನನ್ನ ಒಗದಿ, ಆತು, ನನಗೇನೂ ನೋವಾಗಿಲ್ಲ. ಹೇಳಿದವರ ಬಾಯಿ ಮ್ಯಾಲ ಬಾಗಿಲು ಬಡದೀಯಲ್ಲ, ಅವರ ಕಡೆ ಹೋಗು."

ದಾಕ್ಷಿ ಫಕೀರಪ್ಪನ ಒಂಬತ್ತು ಕರೆಗಳನ್ನೂ, ಅವನು ಮಾತು ಬಿಟ್ಟದ್ದನ್ನೂ ಹೇಳಿದಳು. "ನೀವೂ ಬರ್ತೀರೇನ್ರಿ? ಅಂವಗ ನೀವು ಹೇಳಿದ್ರ..."

"ನಾ ಬಂದ್ರ ಆತನ ಕಥಿ ಮುಗೀತು. ಈ ದನಿ ಕೇಳಿನ ಬಾಯಿ ಕಟಗೊಂಡಾನ ಆ ಮನಷ್ಯಾ."

ಹೊರಗೆ ಬಂದು, ಓಣಿಯ ಮೂಲೆಯಲ್ಲಿ ನಿಂತು, ಅವಳು ಮೊಬೈಲಿನಿಂದಲೇ ಆ ಒಂದು ಸಾಲನ್ನು ತೆಗೆದುಹಾಕಿದಳು. ಬೆರಳಾಡಿಸಿದ್ದು ಎರಡು ಸಲ. ಆಮೇಲೆ ಕಂಟ್ರೋಲ್ ರೂಮಿನ ಎಲ್ಲರಿಗೂ ಬರೆದಳು: ಅಚ್ಚಿನಲ್ಲಿ ದೋಷವಿಲ್ಲ. ನಿಯಮ ನನ್ನದು, ದೋಷ ನನ್ನದು. ನಲವತ್ತೊಂದು ಸಾವಿರ ಸಲ ನಡೆದಿದೆ, ಜನರಿಗೆ ತಿಳಿಸಬೇಕು. ಕಳಿಸಿದ ಮರುಕ್ಷಣದಿಂದ ಹಂಚಿನಾಳನ ಕರೆ ಬರತೊಡಗಿತು. ಅವಳು ಆಟೋ ಹತ್ತಿದಳು.

*

ಬೈಪಾಸಿನ ಆಚೆ, ಅರ್ಧ ಗಿಲಾವು ಆದ ಮನೆ. ಸಾವಕ್ಕ ಹೊಸ್ತಿಲ ಹತ್ತಿರ ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದಳು. ದಾಕ್ಷಿಯನ್ನು ಕಂಡು ಅವಳ ಮುಖ ಅರಳಿದ ಬಗೆ ನೋಡಿ ದಾಕ್ಷಿಗೆ ವಾಪಸ್ ಹೋಗಿಬಿಡೋಣ ಅನ್ನಿಸಿತು.

"ಸಿಕ್ರೇನು ಬಾಯಾರು? ಏನಂದ್ರಂತ?"

"ಅವರು ಏನೂ ಅಂದಿಲ್ರಿ. ನಾನು ನಿಮ್ಮ ಯಜಮಾನರಿಗೆ ಒಂದು ಮಾತು ಹೇಳೂದೈತಿ."

ಫಕೀರಪ್ಪ ಒಳಕೋಣೆಯ ಮಂಚದ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಐವತ್ತರ ಆಸುಪಾಸು, ಅಗಲ ಹೆಗಲು, ಮುಂಗೈಗಳಲ್ಲಿ ಹಳೆಯ ಸುಟ್ಟ ಕಲೆ. ಅವಳನ್ನು ನೋಡಿದ. ನೋಟದಲ್ಲಿ ಸಿಟ್ಟಿರಲಿಲ್ಲ, ಕುತೂಹಲವೂ ಇರಲಿಲ್ಲ. ಸಾವಕ್ಕ ಮೊರ ಎತ್ತಿಕೊಂಡು ಬಂದು ಬಾಗಿಲ ಬಳಿಯೇ ಕೂತಳು. ಅವಳನ್ನು ಹೊರಗಿರು ಎನ್ನುವ ಧೈರ್ಯ ದಾಕ್ಷಿಗೆ ಬರಲಿಲ್ಲ. ಹೊರಗಿರಬೇಕಾದ ಕಾರಣವೇನಾದರೂ ಇದೆ ಎಂಬುದೂ ಆಗ ಹೊಳೆಯಲಿಲ್ಲ.

ದಾಕ್ಷಿ ನೆಲದ ಮೇಲೆ ಕೂತು ಶುರು ಮಾಡಿದಳು. ಡಬ್ಬಿಯ ಬಗ್ಗೆ ಹೇಳಿದಳು. ಮುಕಾದಮನ ಬಗ್ಗೆ ಹೇಳಿದಳು. "ನೀವು ಒಂಬತ್ತು ಸಲ ಒಂದು ಮಾತು ಹೇಳೀರಿ. ಏನು ಹೇಳೀರಿ ಅನ್ನೂದು ಯಾರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆದ್ರ ಒಂಬತ್ತೂ ಸಲ ಬಾಯಾರು ಅದನ್ನ ಕೇಳ್ಯಾರ. ಪೂರಾ ಕೇಳ್ಯಾರ. ಕೇಳಿ ಮಾತು ಬರದಂಗ ಆಗಿ ಸುಮ್ಮನ ಕುಂತಾರ. ಅವರು ಸುಮ್ಮನಾದ್ರು ಅಂತ ನಾ ಬರದ ನಿಯಮ ಅವರನ್ನ ಕಿತ್ತು ಒಗೀತು. ಆಮ್ಯಾಲ ನಮಸ್ಕಾರ್ರೀ ಅಂದವರು ಹೊಸಬರು. ಅವರಿಗೆ ನಿಮ್ಮ ಮಾತು ಮುಟ್ಟೇ ಇಲ್ಲ. ಬಾಯಾರು ನಿಮ್ಮನ್ನ ದೂರ ಮಾಡಿಲ್ಲ. ಮಾಡಿದಾಕಿ ನಾನು."

ಫಕೀರಪ್ಪ ಅಲುಗಾಡಲಿಲ್ಲ. ಸಾವಕ್ಕನ ಬೆರಳಲ್ಲಿ ಶೇಂಗಾ ಒಡೆಯುವ ಸದ್ದು ಒಂದೇ. ದಾಕ್ಷಿಯ ಚೀಲದಲ್ಲಿ ಫೋನು ಕಂಪಿಸಿ ನಿಂತಿತು, ಮತ್ತೆ ಕಂಪಿಸಿತು. ಕ್ಷಮಿಸಿ ಎನ್ನಬೇಕೆಂದುಕೊಂಡು ಬಂದಿದ್ದಳು. ಆ ಮುಖದ ಮುಂದೆ ಆ ಮಾತು ತೀರ ಅಗ್ಗವೆನ್ನಿಸಿತು.

ಆಗ ಅವನ ಗಂಟಲಲ್ಲಿ ಏನೋ ಹೊರಳಿತು. ತುಕ್ಕು ಹಿಡಿದ ಬೋಲ್ಟು ತಿರುಗಿಸಿದ ಹಾಗೆ.

"ಮ್ಯಾಲ ಮಂದಿ ಅದಾರೋ ಇಲ್ಲೋ... ನೋಡಲಿಲ್ಲೇನು?"

ಕೆಲಸದವನು ಕೆಲಸದವಳನ್ನು ಕೇಳುವ ಪ್ರಶ್ನೆ. ಸಾವಕ್ಕ "ಯವ್ವಾ!" ಎಂದು ಉದ್ಗರಿಸಿ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಕಣ್ಣಲ್ಲಿ ನೀರು ಬಂದಿತ್ತು, ಅವಳು ನಗುತ್ತಿದ್ದಳು.

"ಇಲ್ಲ," ಎಂದಳು ದಾಕ್ಷಿ. "ನೋಡಲಿಲ್ಲ. ಸಪ್ಪಳ ಬರಲಿಲ್ಲ. ಯಾರೂ ಇಲ್ಲ ಅಂದ್ಕೊಂಡೆ."

ಫಕೀರಪ್ಪ ತಲೆಯಾಡಿಸಿದ. ಬಹಳ ನಿಧಾನವಾಗಿ, ಬಹಳ ಕಾಲದಿಂದ ಬಲ್ಲ ವಿಷಯವೊಂದನ್ನು ಒಪ್ಪುವವನ ಹಾಗೆ.

"ನಾನೂ ಹಂಗ ಅಂದ್ಕೊಂಡೆ," ಎಂದ. "ಅವತ್ತ ಗಾಳಿ ಇತ್ತು. ಮೂರು ಸಲ ಕೂಗಿದೆ. ಮೈಲಾರೀ, ಇಳದೇನು ಅಂತ. ಓ ಅನ್ನಲಿಲ್ಲ. ಇಳದು ಚಹಾಕ್ಕ ಹೋಗ್ಯಾನ ಅಂದ್ಕೊಂಡೆ. ಲೈನಿನ ಹ್ಯಾಂಡಲ್ ಏರಿಸಿ ಕರೆಂಟು ಬಿಟ್ಟೆ. ಜನರೇಟರ್ ಅಲ್ಲ. ನಾನು."

ದಾಕ್ಷಿ ಬಾಗಿಲ ಕಡೆ ತಿರುಗಲಿಲ್ಲ. ತಿರುಗಲು ಆಗಲಿಲ್ಲ. ಶೇಂಗಾ ಒಡೆಯುವ ಸದ್ದು ಮಾತ್ರ ನಿಂತಿರಲಿಲ್ಲ. ಕೊನೆಗೆ ಕಣ್ಣು ಆ ಕಡೆ ಹೊರಳಿದಾಗ ಕಂಡದ್ದು ಸಾವಕ್ಕನ ಕೈಗಳು. ಅವು ಸುಲಿಯುತ್ತಲೇ ಇದ್ದವು, ಕಾಳು ಯಾವುದು ಸಿಪ್ಪೆ ಯಾವುದು ಎನ್ನದೆ ಎಲ್ಲವನ್ನೂ ಒಂದೇ ರಾಶಿಗೆ ಹಾಕುತ್ತಿದ್ದವು. ಐದು ತಿಂಗಳು ಆ ಮನುಷ್ಯ ಈ ಮನೆಯಲ್ಲಿ, ಮೈಲಾರಿಯ ಅಕ್ಕನ ಮುಂದೆ, ತುಟಿ ಬಿಗಿದು ಕೂತದ್ದು ಯಾಕೆ, ಮಾಳಿಗೆ ಹತ್ತಿ ಗುರುತಿಲ್ಲದ ಕಿವಿಯನ್ನು ಹುಡುಕಿದ್ದು ಯಾಕೆ ಎಂಬುದು ದಾಕ್ಷಿಗೆ ಆಗ ಅರ್ಥವಾಯಿತು. ಹೇಳಿದ್ದು ಡಬ್ಬಿಯ ಜೊತೆಗೇ ಹೋಗಬೇಕಿತ್ತು. ಅವಳು ಅದನ್ನು ತಂದು ಈ ಹೊಸ್ತಿಲ ಮೇಲೆ ಸುರಿದಿದ್ದಳು. ತನ್ನ ಭಾರ ಇಳಿಸಲು ಬಂದವಳು, ಇಳಿಸುವ ನೆಲ ಯಾರದೆಂದು ನೋಡಿರಲಿಲ್ಲ.

ಅವಳು ಎದ್ದಳು. ಚೀಲ ಹೆಗಲಿಗೆ ಹಾಕಿಕೊಂಡಳು. "ನಾ ಹೊರಗ..." ಎಂದು ಶುರು ಮಾಡಿದಳು.

"ಕುಂದ್ರು," ಎಂದಳು ಸಾವಕ್ಕ.

ತಲೆ ಎತ್ತಿರಲಿಲ್ಲ. ದನಿಯಲ್ಲಿ ಏರಿಳಿತವಿರಲಿಲ್ಲ.

"ನೀ ಎಬ್ಬಿಸಿದ ಮಾತಿದು. ಪೂರಾ ಕೇಳಿ ಹೋಗು." ಆಮೇಲೆ, ಮೊರದ ಕಡೆಯೇ ನೋಡುತ್ತ, ಗಂಡನಿಗೆ ಕೇಳಿದಳು: "ಅಂವಾ ಕೆಳಗ ಬಿದ್ದಾಗ ಇನ್ನೂ ಜೀವ ಇತ್ತೇನ್ರಿ?"

ಫಕೀರಪ್ಪ ಹೆಂಡತಿಯನ್ನು ನೋಡಿದ.

"ಇತ್ತು," ಎಂದ.

ದಾಕ್ಷಿ ಚೀಲ ಇಳಿಸಿ ಕುಳಿತಳು.